ಜಪಾನಿ ಯಕ್ಷನಿಗೆ ಕನ್ನಡದ ಬಾಯಿ

ನನ್ನ ಹೆಂಡತಿ ಕೋಮಲ ಪರಪುರುಷನೊಬ್ಬನನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅದೂ ನಂಜನಗೂಡಿನ ನಮ್ಮ ಮನೆಯಲ್ಲೇ, ಭಾನುವಾರ ಮಧ್ಯಾಹ್ನ, ನಾನು ಪಕ್ಕದಲ್ಲಿ ಕೂತಿರುವಾಗಲೇ! ಆತ ಜಪಾನಿನವನು, ಟಿ.ವಿ.ಯೊಳಗಿದ್ದ.

ಮಗಳು ರಂಜಿನಿ ಮೈಸೂರಿನ ಹಾಸ್ಟೆಲ್‌ಗೆ ಹೊರಡುವ ಮುಂಚೆ ಹಾಕಿಕೊಟ್ಟು ಹೋದ ಸಿನಿಮಾ. ಮಾಂಗಾ ಎಂಬ ಜಪಾನಿ ಚಿತ್ರಕಥೆ ಪುಸ್ತಕವನ್ನು ನಿಜವಾದ ನಟರನ್ನಿಟ್ಟುಕೊಂಡು ತೆಗೆದದ್ದಂತೆ. ನಾಯಕ ಹೊಳೆ ಕಾಯುವ ಯಕ್ಷ. ಬೆಳ್ಳಿ ಕೂದಲು, ಸೊಂಟದಲ್ಲಿ ಕತ್ತಿ. ಸತ್ತ ಪ್ರೇಯಸಿ ಮತ್ತೆ ಹುಟ್ಟಿ ಬರಲೆಂದು ಸೇತುವೆಯ ಮೇಲೆ ನಾನೂರು ವರ್ಷದಿಂದ ನಿಂತಿದ್ದಾನೆ. (ನಾನು ಬಸ್‌ಸ್ಟ್ಯಾಂಡಿನಲ್ಲಿ ಇವಳಿಗಾಗಿ ಎರಡು ಗಂಟೆ ನಿಂತರೆ ‘ಮನೇಲಿ ಕೆಲ್ಸ ಇರ್ನಿಲ್ವಾ?’ ಎಂಬ ಮೆಚ್ಚುಗೆ ಸಿಗುತ್ತದೆ. ನನ್ನ ಬೆಳ್ಳಿ ಕೂದಲಿಗಂತೂ ತಿಂಗಳಿಗೊಮ್ಮೆ ಅವಳೇ ಕಪ್ಪು ಬಳಿಯುತ್ತಾಳೆ.)

ಮಾತೆಲ್ಲ ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ. ಅದು ಓಡುವ ವೇಗಕ್ಕೆ ಕೋಮಲ ಓದಲಾರಳು. ನಾನೋ ಹಳ್ಳಿ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು.

“ಏನಂತಾವ್ನೆ, ಬಿರ್ರನೆ ಏಳ್ರೀ!” ಎಂದಳು.

(ನಮ್ಮ ಕಡೆ ‘ಹೇಳಿ’ ಎಂದರೂ ಏಳಿ, ‘ಏಳಿ’ ಎಂದರೂ ಏಳಿ. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಹೇಳಿದ್ದಕ್ಕಿಂತ ಎದ್ದದ್ದೇ ಹೆಚ್ಚು.)

ಹೇಳತೊಡಗಿದೆ. “ನೀನಿಲ್ಲದ ನಾನೂರು ಮಳೆಗಾಲ ಎಣಿಸಿದೆ,” ಎಂದು ಯಕ್ಷನ ಪರವಾಗಿ ನಾನೆಂದಾಗ ಕೋಮಲ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಒಳಗೆಲ್ಲೋ ಚುಚ್ಚಿತು. ‘ಗ್ಯಾಸ್ ಬುಕ್ ಮಾಡಿದ್ರಾ’, ‘ಮೋಟ್ರು ಆಫ್ ಮಾಡಿದ್ರಾ’ ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಮಾತು ಯಾವಾಗ ನಿಂತುಹೋಯಿತೋ! ಮದುವೆಯಾದ ಹೊಸದರಲ್ಲಿ ನಾನು ಶಾಲೆಯಿಂದ ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತು ನನ್ನ ದಾರಿಯನ್ನೇ ನೋಡುತ್ತಿದ್ದಳು. ಆ ನೋಟ ಇನ್ನೊಮ್ಮೆ ನನ್ನ ಮೇಲೆ ಬೀಳಬಾರದೆ ಎಂದು ಎಷ್ಟು ಸಂಜೆ ಬಾಗಿಲ ಹೊರಗೆ ಚಪ್ಪಲಿಯನ್ನು ಬೇಕೆಂದೇ ನಿಧಾನವಾಗಿ ಬಿಟ್ಟಿದ್ದೇನೆ.

ಆಗ ಹೊಳೆಯಿತು ಆ ದಿವ್ಯೋಪಾಯ. ಇವಳಿಗೆ ಜಪಾನಿ ಬಾರದು. ಯಕ್ಷನ ಬಾಯಿಗೆ ನನ್ನ ಮಾತು ತುರುಕಿದರೆ ಕೇಳುವವರು ಯಾರು?

ತೆರೆಯ ಮೇಲೆ ಯಕ್ಷ, ಕೊನೆಗೂ ಮರುಹುಟ್ಟು ಪಡೆದು ಬಂದ ಪ್ರೇಯಸಿಯ ಎದುರು ಮಂಡಿಯೂರಿದ. ನಾನು ಗಂಟಲು ಸರಿಮಾಡಿಕೊಂಡೆ.

“ಹೊಳೆಗಳು ಕೂಡುವ ಕಡೆ ನಿನ್ನನ್ನು ಮೊದಲು ನೋಡಿದೆ. ಹಸಿರು ಸೀರೆಯುಟ್ಟು, ಪಾದ ಮುಳುಗುವಷ್ಟು ನೀರಲ್ಲಿ ನಿಂತು ನೀನು ನಗುತ್ತಿದ್ದೆ. ಆ ನಗುವನ್ನು ಮನೆಗೆ ಕರೆತಂದೆ. ಎಲ್ಲಿಟ್ಟೆನೋ ತಿಳಿಯದು. ಹುಡುಕುತ್ತಲೇ ಇದ್ದೇನೆ.”

ಕೋಮಲ ರಿಮೋಟ್ ಒತ್ತಿದಳು. ಯಕ್ಷ ಬಾಯಿ ತೆರೆದಂತೆಯೇ ನಿಂತ.

“ರೀ, ಅದು ನರಸೀಪುರದ ಸಂಗಮ ತಾನೆ? ನನ್ನ ನೋಡಕ್ಕೆ ಬಂದಿದ್ರಲ್ಲ, ಅವತ್ತು?”

ಇಷ್ಟು ವರ್ಷದ ಮೇಲೆ ಆ ಕಣ್ಣುಗಳು ನನ್ನ ಮೇಲಿದ್ದವು. ಎದೆ ತುಂಬಿ ಬಂತು. “ಹೂಂ,” ಎಂದೆ.

“ಅಸ್ರು ಸೀರೆ ಉಟ್ಕಂಡು ನೀರಿಗಿಳಿದಿದ್ದು ನಮ್ಮಕ್ಕ ಆಶಾರಾಣಿ ಕಣ್ರೀ! ನಾನು ಅಳ್ದಿ ಸೀರೇಲಿ ದಡದ ಮೇಲೆ ನಿಂತು ನಿಮ್ಮನ್ನೇ ನೋಡ್ತಿದ್ದೆ. ನೀವು ತಿರುಗೂ ನೋಡ್ನಿಲ್ಲ.”

“ಅದು… ಅನುವಾದದಲ್ಲಿ ಸ್ವಲ್ಪ ಹೆಚ್ಚುಕಮ್ಮಿ…” ಎಂದು ತೊದಲಿದೆ.

ಅವಳು ಸಿನಿಮಾವನ್ನು ಹಿಂದಕ್ಕೆ ಓಡಿಸಿದಳು. “ಈಗ ಓದಿ. ಅಳ್ದಿ ಸೀರೆ, ದಡದ ಮೇಲೆ. ಒಂದಕ್ಸರ ತಪ್ಪಬಾರ್ದು.”

ಮೂರು ಸಲ ಓದಿಸಿದಳು. ಮೂರನೆಯ ಸಲಕ್ಕೆ ಯಕ್ಷನ ಕಡೆ ತಿರುಗಲೂ ಇಲ್ಲ. ನಾನೆಲ್ಲಿ ತಪ್ಪುತ್ತೇನೋ ಎಂದು ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು.