ರೈಟರ್ ಎದೆ ಮೇಲಿನ ಮಗು

ಆಲೂರಿನ ಕಡೆ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ನರ್ಸ್. ಪುಟ್ಟ ಮಗುವನ್ನು ಬರಿ ಮೈಗೆ ಅಪ್ಪಿಕೊಂಡು ಕೂರಿ ಎಂದು ಹೇಳುವುದು ನನ್ನ ಕೆಲಸ. ಇಷ್ಟು ಸುಲಭದ ಮಾತಿಗೆ ಊರಿನ ಪಂಡಿತರೆಲ್ಲ ಎದುರು ನಿಲ್ಲುತ್ತಾರೆಂದು ಓದುವಾಗ ಯಾರೂ ಹೇಳಿರಲಿಲ್ಲ. ಕಳೆದ ಚಳಿಗಾಲದ್ದನ್ನೇ ಕೇಳಿ.

೧. ಗಂಟು

ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣುಮಗು, ಎರಡು ಕೆಜಿಯೂ ಇಲ್ಲ. ಮೈ ಬೆಚ್ಚಗೆ ನಿಲ್ಲದಿದ್ದರೆ ಹಾಸನಕ್ಕೆ ಕಳಿಸಬೇಕು ಎಂದಿದ್ದರು ಡಾಕ್ಟರು. ಮಗುವಿನ ಅಪ್ಪನ ತಾಯಿ, ಪಾಳ್ಯದ ಅಜ್ಜಿ, ಬಂದವರೇ ಎರಡು ಟೋಪಿ, ಸ್ವೆಟರ್, ಟವೆಲ್, ಶಾಲು, ಮೇಲೊಂದು ಕಂಬಳಿ ಸುತ್ತಿಟ್ಟರು. ಒಂದೊಂದೇ ಬಿಚ್ಚಿ ಮಗುವನ್ನು ಹುಡುಕಿ ತೆಗೆದೆ. ಪಾದ ತಣ್ಣಗಿತ್ತು. ತಾಯಿಯ ಮೈ ಬಿಸಿಯೇ ಸಾಕು, ಬರಿ ಎದೆಗೆ ಒರಗಿಸೋಣ ಎಂದೆ.

"ಬಟ್ಟೆ ಬಿಚ್ಚಿ ಬೆಚ್ಚಗೆ ಮಾಡ್ತೀನಿ ಅಂತೀಯಲ್ಲವ್ವ, ನೀನು ಎಷ್ಟು ಹೆತ್ತಿದ್ದೀಯ?" ಎಂದರು ಅಜ್ಜಿ.

"ಇನ್ನೂ ಮದುವೇನೇ ಆಗಿಲ್ಲ ಕಣಜ್ಜಿ."

ವಾರ್ಡಿಗೆ ವಾರ್ಡೇ ಅಜ್ಜಿಗೆ ಓಟು ಹಾಕಿತು.

೨. ದರ್ಶನ

ಹೇಗೋ ಮಗು ತಾಯಿಯ ಎದೆ ಸೇರಿತು. ಅಷ್ಟರಲ್ಲಿ ಕೆ. ಹೊಸಕೋಟೆ ಬಸ್ಸಿಳಿದ ನೆಂಟರು ನುಗ್ಗಿದರು. ಒಬ್ಬೊಬ್ಬರೂ ಶಾಲು ಸರಿಸಿ, "ಮೂಗು ಯಾರ್ದು ಬಂದೈತೆ?" ಎಂದು ಇಣುಕಿದ್ದೇ ಇಣುಕಿದ್ದು. ಮೂಗು ತೀರ್ಮಾನವಾಗುವಷ್ಟರಲ್ಲಿ ಮಗು ಮತ್ತೆ ತಣ್ಣಗಾಯಿತು. ನನಗೆ ಸಿಟ್ಟು ನೆತ್ತಿಗೇರಿತು.

"ಇನ್ನು ಯಾರು ಶಾಲು ಸರಿಸ್ತಾರೋ, ಮುಂದಿನ ಎರಡು ಗಂಟೆ ಮಗು ಅವರ ಎದೆ ಮೇಲೆ!" ಎಂದೆ.

ಎಲ್ಲರಿಗೂ ಒಟ್ಟಿಗೇ ಬಸ್ಸಿನ ಟೈಮ್ ನೆನಪಾಯಿತು.

೩. ಡ್ಯೂಟಿ

ತಾಯಿಗೆ ಸುಸ್ತಾಗಿ ಕಣ್ಣು ಎಳೆಯುತ್ತಿತ್ತು. ಉಳಿದವನು ಅಪ್ಪ, ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆದು ಕೆಲಸ ಮಾಡಿಸುವ ರೈಟರ್. ಇವನ ಬೈಕಿನ ಸದ್ದಿಗೇ ಕೆಲಸದವರು ಎದ್ದು ನಿಲ್ಲುತ್ತಾರಂತೆ. ಶರ್ಟ್ ಬಿಚ್ಚಿ ಎಂದರೆ ಗೋಡೆಗೆ ಅಂಟಿಕೊಂಡ.

"ಗಂಡಸ್ರು ಮಾಡೋ ಕೆಲಸನಾ ಮೇಡಂ ಇದು?"

"ಮಗೂಗೆ ಬೇಕಾಗಿರೋದು ಬಿಸಿ. ಅದು ನಿಮ್ಮತ್ರ ಜಾಸ್ತೀನೇ ಐತೆ ಅಂತ ಎಸ್ಟೇಟಿನವರೇ ಹೇಳ್ತಾರೆ."

ಕಣ್ಣು ಮುಚ್ಚಿಕೊಂಡು ಗುಂಡಿ ಬಿಚ್ಚಿದ. ಮಗು ಎದೆಗೆ ಒರಗಿದ್ದೇ ತಡ, ಮನುಷ್ಯ ಅಲ್ಲಾಡಲಿಲ್ಲ. ಒಂದು ಗಂಟೆ ಬಿಟ್ಟು ಪಾದ ಮುಟ್ಟಿದೆ. ಬೆಚ್ಚಗಿತ್ತು. ನಿಜ ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು.

ಆಗಲೇ ಎಸ್ಟೇಟ್ ಸಾಹುಕಾರರ ವಿಡಿಯೋ ಕಾಲ್. ಬರಿ ಮೈ ಕಂಡು ಗುಡುಗಿದರು: "ಹೆರಿಗೆ ಅಂತ ರಜ ಹಾಕಿ ಹೊಳೇಲಿ ಈಜ್ತಿದ್ದೀಯೇನೋ?"

"ಮೆತ್ತಗೆ ಸಾರ್, ಮಗು ಎದೆ ಮೇಲೆ ಮಲಗೈತೆ," ಎಂದು ಫೋನ್ ಇಳಿಸಿ ತೋರಿಸಿದ.

ಸಾಹುಕಾರರೂ ಪಿಸುಗುಟ್ಟಿದರು: "ಆಯ್ತು ಮಾರಾಯ, ಅಲ್ಲಾಡ್ಬೇಡ."

ಮಗು ಹಾಸನಕ್ಕೆ ಹೋಗಲಿಲ್ಲ. ಮೂರು ದಿನ ಕಳೆದು, ಅದು ತಾಯಿಯ ಹತ್ತಿರ ಹಾಲು ಕುಡಿಯುತ್ತಿದ್ದಾಗ ನಾನು ಟೀಗೆಂದು ಹೊರಗೆ ಬಂದೆ. ಅಂಗಡಿಯ ಬೆಂಚಿನ ಮೇಲೆ ಶರ್ಟು, ಸ್ವೆಟರು ಎಲ್ಲ ತೊಟ್ಟ ರೈಟರ್. ಒಂದು ಕೈಯಲ್ಲಿ ಬೋಂಡಾ. ಇನ್ನೊಂದು ಕೈಯ ಫೋನಿಗೆ ಪಿಸುಗುಟ್ಟುತ್ತಿದ್ದ: "ಇವತ್ತೂ ಬರಕ್ಕಾಗಲ್ಲ ಸಾರ್. ಎದೆ ಮೇಲೈತೆ."