ಇಂಜಿನ್‌ಗೆ ಬಿ.ಪಿ. ನೋಡಿದ್ದು

ನಮ್ಮ ಹಳೇ ಕಾರನ್ನ ಗುಜರಿಗೆ ಹಾಕೋಣ ಅಂತ ನನ್ನ ಹೆಂಡತಿ ಪ್ರಮೋದಾ ಅಂದಾಗಲೆಲ್ಲ, ನನ್ನನ್ನೇ ಹಾಕೋಣ ಅಂದಂಗೆ ಕೇಳಿಸುತ್ತೆ. (ಹತ್ತುವಾಗ ಏದುಸಿರು, ಬೆಳಿಗ್ಗೆ ಏಳೋಕೆ ಸೋಮಾರಿತನ. ಲಕ್ಷಣಗಳೆಲ್ಲ ಒಂದೇ.)

"ಇಂಜಿನ್ ಸತ್ತಿದೆ ಕಣ್ರೀ!"

"ಸತ್ತಿದೆಯೋ ಬದುಕಿದೆಯೋ ವೈಜ್ಞಾನಿಕವಾಗಿ ತೀರ್ಮಾನ ಆಗ್ಲಿ. ಫೇಲಾದ್ರೆ ಮಾರಿಬಿಡ್ತೀನಿ," ಅಂತ ಘೋಷಿಸಿ, ಕಂಪ್ರೆಷನ್ ಗೇಜ್ ತರಿಸಿದೆ. ಪ್ಲಗ್ ಬಿಚ್ಚಿ, ಆ ತೂತಿಗೆ ಇದನ್ನ ಸಿಕ್ಕಿಸಿ ಸೆಲ್ಫ್ ಹೊಡೆದರೆ ಒಳಗೆ ಎಷ್ಟು ಒತ್ತಡ ಇದೆ ಅಂತ ಮುಳ್ಳು ತೋರಿಸುತ್ತೆ.

"ಕಾರಿಗೂ ಬಿ.ಪಿ. ನೋಡ್ತಾರಾ?" ಅಂದಳು.

ಅವತ್ತು ತೂಬಗೆರೆಯಲ್ಲಿ ಅವಳಣ್ಣ ಬೈರಣ್ಣನ ಮಗಳು ಅಕ್ಷತಳ ಸೀಮಂತ. ಹೊರಡೋಕೆ ಇನ್ನೂ ಟೈಮಿತ್ತು. ನಮ್ಮತ್ತೆ ಪಾಪಮ್ಮನವರು ಮಾತ್ರ ಆಗಲೇ ಹಿಂದಿನ ಸೀಟಲ್ಲಿ ಕೂತು, ಬಾಗಿಲು ಹಾಕ್ಕೊಂಡು, ಗೊರಕೆ ಶುರು ಮಾಡಿದ್ದರು. ರೇಷ್ಮೆ ಸೀರೆಯುಟ್ಟ ಪ್ರಮೋದಾಳನ್ನ ಸ್ಟೇರಿಂಗ್ ಮುಂದೆ ಕೂರಿಸಿದೆ.

"ಆಕ್ಸಿಲರೇಟರ್ ಪೂರ್ತಿ ಒತ್ತು. ಹ್ಞೂಂ, ಸೆಲ್ಫ್ ಹೊಡಿ!"

"ಕಾರು ನುಗ್ಗಿ ನಿಮ್ಮ ಮೇಲೆ ಹತ್ತಿದ್ರೆ?"

"ಪ್ಲಗ್ಗೆಲ್ಲ ಬಿಚ್ಚಿದೀನಿ, ಪೆಟ್ರೋಲ್ ನಿಲ್ಲಿಸಿದೀನಿ. ಹೆಂಗೆ ನುಗ್ಗುತ್ತೆ?"

"ನೀವು ಬಿಚ್ಚಿದೀರಲ್ಲ, ಅದೇ ಭಯ."

ಚಕ್ ಚಕ್ ಚಕ್! ಮುಳ್ಳು ಸರ್ರನೆ ಏರಿತು. ಒಂದೊಂದಾಗಿ ನಾಲ್ಕೂ ಸಿಲಿಂಡರ್ ನೋಡಿದೆ. ಎಲ್ಲವೂ ಸಮಸಮ, ಒಂದಕ್ಕೊಂದು ಕಡಿಮೆಯಿಲ್ಲ! ಗೇಜನ್ನ ಗೆದ್ದ ಕಪ್ಪಿನ ಥರ ಎತ್ತಿ ಹಿಡಿದು ಅಂಗಳದಲ್ಲಿ ಒಂದು ಸುತ್ತು ವಿಜಯಯಾತ್ರೆ ಹೊರಟೆ. ಪ್ರಮೋದಾ ಮುಖ ಸಪ್ಪಗಾಯಿತು. ಮದುವೆಯಾದ ಮೇಲೆ ನಾನು ಗೆದ್ದ ಮೊದಲ ವಾದ ಅದು.

ಆಮೇಲೆ ಪ್ಲಗ್ ಹಾಕಿ, ಪೆಟ್ರೋಲ್ ಬಿಟ್ಟು, ಪ್ಲಗ್ಗಿನ ವೈರುಗಳನ್ನೂ ಸಿಕ್ಕಿಸಿದೆ. ನಾಲ್ಕು ಪ್ಲಗ್ಗು, ನಾಲ್ಕು ವೈರು, ತಲೆಗೊಂದೊಂದು. ಇದರಲ್ಲೇನು ಅನ್ಯಾಯ? ಗತ್ತಿನಿಂದ ಕೀ ತಿರುಗಿಸಿದೆ.

ಢಮಾರ್!

ಎದುರು ಮನೆ ನಾಯಿ ಕಾಂಪೌಂಡ್ ಹಾರಿತು. ಹಿಂದಿನ ಸೀಟಿನ ಗೊರಕೆ ಮಾತ್ರ ನಿಲ್ಲಲಿಲ್ಲ. ವೈರು ಅದಲು ಬದಲು ಮಾಡಿದೆ. ಈ ಸಲ ಕೆಮ್ಮಿತು. ಇನ್ನೊಮ್ಮೆ ಬದಲಿಸಿದೆ. ಕೆಮ್ಮೂ ನಿಂತಿತು.

"ಯಾವ ವೈರು ಯಾವುದಕ್ಕೆ ಅಂತ ಗುರುತು ಮಾಡ್ಕೊಂಡಿರಲಿಲ್ವಾ?"

"ವಿಜ್ಞಾನಿಗಳು ತಲೇಲೇ ಇಟ್ಕೋತಾರೆ."

"ಈಗ ತಲೇಲಿ ಏನಿದೆ?"

ಅಷ್ಟರಲ್ಲಿ ಅವಳಣ್ಣನಿಗೆ ಫೋನ್ ಹೋಗಿತ್ತು. ಬೈರಣ್ಣ ಟ್ರಾಕ್ಟರ್ ತಂದ.

"ಭಾವ, ಇಂಜಿನ್ ಹೆಂಗಿದೆ?"

"ಫಸ್ಟ್ ಕ್ಲಾಸ್!"

"ಹಂಗಾದ್ರೆ ದಪ್ಪ ಹಗ್ಗನೇ ಕಟ್ತೀನಿ ಬಿಡಿ." ನಿದ್ದೆಯಲ್ಲಿದ್ದ ಅವರಮ್ಮನನ್ನ ಎಬ್ಬಿಸಿ ಟ್ರಾಕ್ಟರ್ ಹತ್ತಿಸೋದಕ್ಕಿಂತ ಕಾರನ್ನೇ ಎಳೆಯೋದು ಸುಲಭ ಅಂತ ಅವನ ಲೆಕ್ಕ. ಪ್ರಮೋದಾ ಸೀರೆ ನೆರಿಗೆ ಎತ್ತಿಕೊಂಡು ಅಣ್ಣನ ಪಕ್ಕ ಏರಿ ಕೂತಳು. ನಾನು ಸದ್ದಿಲ್ಲದ ಕಾರಿನ ಸ್ಟೇರಿಂಗ್ ಹಿಡಿದು ಹಿಂದೆ ಹೊರಟೆ.

ತೂಬಗೆರೆ ಹತ್ತಿರ ಬರುವಾಗ ಅತ್ತೆಗೆ ಎಚ್ಚರವಾಯಿತು. ಕನ್ನಡಕವಿಲ್ಲದ ಕಣ್ಣುಜ್ಜಿಕೊಂಡು ಕಿವಿಗೊಟ್ಟು ಕೇಳಿದರು.

"ಏನ್ ಅಳಿಯಂದ್ರೇ, ಇಂಜಿನ್ ಇಷ್ಟು ನುಣ್ಣಗೆ ಓಡ್ತಾ ಇದೆ! ಸದ್ದೇ ಇಲ್ಲ! ನೀವೇ ರಿಪೇರಿ ಮಾಡಿದ್ದಾ?"

ವರ್ಷಗಳ ಮೇಲೆ ಅತ್ತೆಯ ಬಾಯಲ್ಲಿ ಬಂದ ಹೊಗಳಿಕೆ. ಬೇಡ ಅನ್ನೋಕೆ ಮನಸ್ಸಾಗಲಿಲ್ಲ. "ಹೂಂ ಅತ್ತೆ," ಅಂದೆ.

"ಮತ್ತೆ ಆ ಹಾಳು ಟ್ರಾಕ್ಟರ್ ಹಿಂದೇನೇ ಯಾಕೆ ಹೋಗ್ತಿದೀರಾ? ಹೊಗೆಯೆಲ್ಲ ಒಳಗೇ ಬರ್ತಿದೆ. ಓವರ್‌ಟೇಕ್ ಮಾಡಿ!"

ವಿಧಿಯಿಲ್ಲದೆ ಹಾರ್ನ್ ಹೊಡೆದೆ. ಬೈರಣ್ಣ ತಿರುಗಿ ನೋಡಿ, ಬಲು ಮರ್ಯಾದೆಯಿಂದ ಟ್ರಾಕ್ಟರನ್ನ ಎಡಕ್ಕೆ ಸರಿಸಿ, ಮುಂದೆ ಹೋಗಿ ಭಾವ ಅಂತ ಕೈ ತೋರಿಸಿದ.

ನಾವೂ ಎಡಕ್ಕೆ ಸರಿದೆವು.