ಸರಕು ಬೇಡವೆಂದ ಅಳಿಯ

ಬೇಡ ಎನ್ನುವುದು ನನಗೆ ಹುಟ್ಟಿನಿಂದಲೂ ಒಲಿಯದ ವಿದ್ಯೆ. ಮದುವೆಮನೆಯಲ್ಲಿ ಬಡಿಸುವವರು ಪಾತ್ರೆ ಖಾಲಿ ಮಾಡಲು ನನ್ನ ಎಲೆಯನ್ನೇ ಹುಡುಕಿಕೊಂಡು ಬರುತ್ತಾರೆ. ಇಂಥವನ ಇ-ಮೇಲ್ ಪಾಡು ಕೇಳಬೇಕೆ? ಬೋಳುತಲೆಗೆ ಎಣ್ಣೆ, ದುಬೈನಲ್ಲಿ ಫ್ಲ್ಯಾಟು, ಕುದುರೆಗೆ ಲಾಳ, ಎಲ್ಲವೂ ನನಗೇ. ಕೆಜಿಎಫ್‌ನ ಕಾರ್ಖಾನೆಯೊಂದರ ಗುಮಾಸ್ತ ನಾನು. ಊರಿಗಾಂನ ಕ್ವಾರ್ಟರ್ಸಿನಲ್ಲಿ ಕುದುರೆಯನ್ನು ಎಲ್ಲಿ ಕಟ್ಟಲಿ? ‘ಅನ್‌ಸಬ್‌ಸ್ಕ್ರೈಬ್’ ಒತ್ತಿದರೆ ‘ನಮ್ಮನ್ನು ಬಿಟ್ಟುಹೋಗುತ್ತೀರಾ?’ ಎಂದು ಅಳುಮೋರೆಯೊಂದು ಕಾಣಿಸಿಕೊಳ್ಳುತ್ತದೆ. ಕರಗಿಹೋಗಿ ಅಲ್ಲೇ ಉಳಿದುಬಿಡುತ್ತೇನೆ.

ನನ್ನ ಅವಸ್ಥೆ ನೋಡಲಾರದೆ ಸಹೋದ್ಯೋಗಿ ಸೆಲ್ವಂ, “ಸ್ಟ್ರಾಂಗಾ ಒಂದು ಮೇಲ್ ಬರ್ದು ಎಲ್ಲಾರ್ಗೂ ಹಾಕಿಬಿಡಿ ಸಾರ್. ಭಯ ಇರ್ಬೇಕು!” ಎಂದರು. ನನಗೂ ಆವೇಶ ಬಂತು. ‘ನಿಮ್ಮ ಸರಕು ನನಗೆ ಬೇಡ. ನಾನು ಕೇಳಿಯೂ ಇರಲಿಲ್ಲ. ಬಲವಂತವಾಗಿ ಗಂಟುಹಾಕಿದ್ದೀರಿ. ಇನ್ನು ಮುಂದುವರಿದರೆ ಪೊಲೀಸರಿಗೆ ದೂರು ಕೊಡುತ್ತೇನೆ’ ಎಂದು ಬರೆದು, ದಿನಾ ಮೇಲ್ ಕಳಿಸುವವರ ವಿಳಾಸಗಳನ್ನೆಲ್ಲ ಸೇರಿಸಿ ಕಳಿಸಿಯೇಬಿಟ್ಟೆ.

ದಿನಾ ಕಳಿಸುವವರಲ್ಲಿ ನನ್ನ ಮಾವನವರೂ ಒಬ್ಬರೆಂಬುದು ಆ ಆವೇಶದಲ್ಲಿ ಹೊಳೆಯಲಿಲ್ಲ. ಬೂದಿಕೋಟೆಯಲ್ಲಿ ಹಸು ಸಾಕಿಕೊಂಡಿರುವ ಅವರು, ಮೇಲ್ ಕಲಿತಂದಿನಿಂದ ಬೆಳಗಾದರೆ ಗುಲಾಬಿಯ ಚಿತ್ರವೊಂದನ್ನು, ಕೆಳಗೊಂದು ನೀತಿವಾಕ್ಯವನ್ನು ನೆಂಟರಿಗೆಲ್ಲ ಹಂಚುತ್ತಾರೆ. ಸಂಜೆ ಅವರ ಫೋನ್ ಬಂತು. “ಏನ್ ಅಳಿಯಂದ್ರೇ, ನಮ್ ತಾವ ಇರೋ ಸರಕು ಎರ್ಡೇ. ಒಂದು ಆಲು, ಇನ್ನೊಂದು ನಿಮಗ್ ಕೊಟ್ಟಿರೋ ಮಗ್ಳು. ಆಲಿಗೆ ಯಾರೂ ಪೊಲೀಸ್ನೋರ್ನ ಕರೆಯಲ್ಲ.”

ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದ ಹೆಂಡತಿ ಸರೋಜ ಫೋನ್ ಕಸಿದು ಮೇಲ್ ಓದಿದಳು. “ಬಲವಂತವಾಗಿ ಗಂಟಾಕಿದ್ರಾ? ಒಪ್ಕೊಂಡ್ ಮೇಲೂ ಇನ್ನೊಂದ್ ಸಲ ಹುಡುಗೀನ ನೋಡ್ಬೇಕು ಅಂತ ಬಂದೋರು ಯಾರು?” ಎಂದವಳೇ ಬ್ಯಾಗಿಗೆ ಸೀರೆ ತುಂಬತೊಡಗಿದಳು.

ಮರುದಿನ ರಜೆ ಹಾಕಿ, ಬಂಗಾರಪೇಟೆಯಲ್ಲಿ ಬಸ್ಸು ಬದಲಿಸಿ ಬೂದಿಕೋಟೆಗೆ ಓಡಿದೆ. ಮಾವ ಹಾಲು ಕರೆಯುತ್ತಿದ್ದರು. ನಾನು ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಎಣ್ಣೆ, ಫ್ಲ್ಯಾಟು, ಲಾಳ ಎಂದು ತೊದಲಿದೆ. “ಅಂದ್ರೆ ಕುದ್ರೆ ಲಾಳದೋನ್ಗೂ ನಂಗೂ ಒಂದೇ ಕಾಗ್ದಾನಾ?” ಎಂದ ಮಾವ ನಕ್ಕ ರಭಸಕ್ಕೆ ಹಸು ಬೆದರಿ ಚೊಂಬು ಒದೆಯಿತು. ಆಮೇಲೆ ಮೆಲ್ಲಗೆ, “ನಾನ್ ಕಳ್ಸೋದು ಓದ್ತಿದ್ರಾ?” ಎಂದರು.

“ಓದದೆ ಕಾಫಿ ಕುಡಿಯಲ್ಲ ಮಾವ.”

ಮಾವ ಅರಳಿಹೋದರು. ಅವರು ಫೋನ್ ಮಾಡಿ ಹೇಳಿದ ಮೇಲೆ, ಊರಿಗಾಂನಲ್ಲಿ ಸರೋಜ ಸೀರೆಗಳನ್ನು ಬೀರುವಿಗೆ ಮರಳಿಸಿದಳು. ಕಥೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮಾವ ಹಾಲಿನ ಡೇರಿಗೆ ಹೋಗಿ, “ನಮ್ ಅಳಿಯಂದ್ರು ಕಳ್ಸಿದ್ದೆಲ್ಲ ಓದ್ತಾರೆ ಕಣ್ರಲಾ, ನೀವೂ ಆಕಿ!” ಎಂದು ನನ್ನ ವಿಳಾಸ ಹಂಚಿದ್ದಾರೆ. ಈಗ ಬೆಳಗಾದರೆ ಡೇರಿಗೆ ಹಾಲು ಹಾಕುವವರೆಲ್ಲ ನನಗೆ ನೀತಿ ಹೇಳುತ್ತಿದ್ದಾರೆ. ನಾನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ, ವಿಳಾಸವನ್ನು ಎರಡೆರಡು ಸಲ ನೋಡಿಕೊಂಡು, ‘ಬಹಳ ಚೆನ್ನಾಗಿದೆ, ನಾಳೆಯೂ ಕಳಿಸಿ’ ಎಂದು ಉತ್ತರ ಬರೆಯುತ್ತಿದ್ದೇನೆ.